ಹಗೇವು, ಹಂಚು, ಪುಂಡಿಪಲ್ಲೆ

ಇತಿಹಾಸ ಅಂದಕೂಡಲೇ ನಮ್ಮ ಕಲಬುರಗಿ ಕಡೆಯವರು ಮಳಖೇಡದ ರಾಷ್ಟ್ರಕೂಟರು, ಬಹಮನಿ ಕೋಟೆ, ಬಂದೇನವಾಜ್ ದರ್ಗಾ, ನಿಜಾಮ, ರಜಾಕಾರರು ಅಂತ ಶುರು ಮಾಡ್ತೀವಿ. ಶಾಲೆಯಾಗ ಅಷ್ಟೇ ಹೇಳಿಕೊಟ್ಟದ್ದು. ಆದ್ರ ಇಷ್ಟೆಲ್ಲಾ ರಾಜರು ಬಂದು ಹೋದ ಸಾವಿರ ವರ್ಷದಾಗ ನಮ್ಮ ಗೊಬ್ಬೂರಿನಂಥ ಊರಾಗ ಮಂದಿ ಮಧ್ಯಾಹ್ನ ಏನು ಉಂಡರು, ಯಾರು ಮಾಡಿಕೊಟ್ಟರು, ಮಾಡೋದನ್ನ ಯಾರು ಯಾರಿಗೆ ಕಲಿಸಿದರು ಅನ್ನೋದನ್ನ ಯಾವ ಮಾಸ್ತರರೂ ಹೇಳಲಿಲ್ಲ. ಕಂದಾಯದ ಕಾಗದದಾಗ ನಮ್ಮೂರು ಗೊಬ್ಬೂರ (ಬಿ), ಅಫಜಲಪುರ ತಾಲ್ಲೂಕು. ಆ 'ಬಿ' ಅಂದ್ರ ಬುಜುರ್ಗ, ಪಾರಸಿಯಾಗ ದೊಡ್ಡದು ಅಂತ. ಇನ್ನೊಂದು ಸಣ್ಣ ಊರಿದ್ದರ ಅದು ಖುರ್ದ. ಊರಿನ ಹೆಸರಿನ ಬಾಲದಾಗ ಒಂದು ಪಾರಸಿ ಅಕ್ಷರ ಉಳಿದಂಗ ನಮ್ಮ ಅಡುಗೆಮನ್ಯಾಗೂ ಬಂದುಹೋದವರ ಗುರುತು ಉಳಿದಾವ. ಅದನ್ನ ಹುಡುಕೋ ಆಸೆಯಿಂದ ಇದನ್ನ ಬರೀಲಾಕತ್ತೀನಿ.

ಮೊದಲು ಪುಸ್ತಕದ ಮಾತು. ಅಡುಗೆ ಬಗ್ಗೆ ಬರೆದಿಟ್ಟದ್ದು ನಮ್ಮ ಸೀಮೆಯಾಗ ಕಡಿಮೆ ಏನಿಲ್ಲ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ 'ಮಾನಸೋಲ್ಲಾಸ' ಅಂತ ಸಂಸ್ಕೃತದಾಗ ದೊಡ್ಡ ಗ್ರಂಥ ಮಾಡಿಸಿದ. ಕಲ್ಯಾಣ ಅಂದ್ರ ಈಗಿನ ಬಸವಕಲ್ಯಾಣ, ನಮ್ಮ ನೆರೆಯ ಬೀದರ್ ಜಿಲ್ಲೆ. ಅದರಾಗ 'ಅನ್ನಭೋಗ' ಅನ್ನೋ ಒಂದು ಭಾಗ ಪೂರಾ ಊಟದ್ದೇ. ಉದ್ದಿನ ಹಿಟ್ಟಿನ ಇಡ್ಡರಿಕೆ, ದೋಸಕ, ವಡೆ, ಗೋಧಿ ಕಣಕವನ್ನ ತೆಳ್ಳಗ ಮಾಡಿ ಬೋರಲು ಹಾಕಿದ ಮಡಕಿ ಮ್ಯಾಲೆ ಬೇಯಿಸೋ ಮಂಡಕ ಎಲ್ಲಾ ಅದಾವ. ನಾಲ್ಕು ನೂರು ವರ್ಷ ಬಿಟ್ಟು, ಹದಿನಾರನೇ ಶತಮಾನದ ಆರಂಭಕ್ಕ, ಮೈಸೂರ ಸೀಮೆಯಾಗ ಮೂರನೆಯ ಮಂಗರಸ ಕನ್ನಡದಾಗೇ 'ಸೂಪಶಾಸ್ತ್ರ' ಬರೆದ. ಬದನೆಕಾಯಿಯ ಎಷ್ಟೋ ಬಗೆ ಅದರಾಗ ಸಿಗ್ತಾವ. ಓದಿದರ ಬಾಯಾಗ ನೀರು ಬರ್ತದ, ಸುಳ್ಳಲ್ಲ. ಆದ್ರ ಇವು ಅರಮನೆಯ, ಉಳ್ಳವರ ತಟ್ಟೆಯ ಮಾತು.

ಬಡವರ ತಟ್ಟೆಯ ಸುದ್ದಿ ಬೇಕಾದ್ರ ಅಡುಗೆ ಪುಸ್ತಕ ಬಿಟ್ಟು ಯುದ್ಧದ ಮಾತಿನೊಳಗ ಹುಡುಕಬೇಕು. ಹಳಗನ್ನಡದಾಗ 'ಜೋಳವಾಳಿ' ಅನ್ನೋ ಶಬ್ದ ಅದ. 'ಜೋಳದ ಪಾಳಿ' ಅಂತಲೂ ಅಂತಾರ. ಒಡೆಯ ಹಾಕಿದ ಜೋಳ ಉಂಡ ಋಣಕ್ಕ ಬಂಟ ಪ್ರಾಣ ಕೊಡೋದು ಅಂತ ಅದರರ್ಥ. ಪಂಪನ ಕಾವ್ಯದಾಗೂ ಬರ್ತದ, ಶಾಸನಗಳಾಗೂ ಬರ್ತದ. ಈಗ ನಾವು 'ಉಪ್ಪಿನ ಋಣ' ಅಂತೀವಲ್ಲ, ಆ ಜಾಗದಾಗ ಆಗ ಇದ್ದದ್ದು ಜೋಳ. ಅಕ್ಕಿಯ ಋಣ ಅನ್ನಲಿಲ್ಲ, ಗೋಧಿಯ ಋಣ ಅನ್ನಲಿಲ್ಲ. ಸಾಯೋ ಮನುಷ್ಯನ ಹೊಟ್ಟ್ಯಾಗ ಏನಿತ್ತು ಅಂತ ಇದಕ್ಕಿಂತ ಗಟ್ಟಿ ಸಾಕ್ಷಿ ನನಗಂತೂ ಬ್ಯಾಡ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೀನಿ. 'ಹಿಂದಿನ ಕಾಲದ ಅಡುಗಿ' ಅಂತ ನಾವು ಎದಿ ಉಬ್ಬಿಸಿ ಹೇಳೋದ್ರಾಗ ಅರ್ಧಕ್ಕರ್ಧ ಅಷ್ಟು ಹಳೇದಲ್ಲ. ಮೆಣಸಿನಕಾಯಿ ಪೋರ್ಚುಗೀಜರ ಹಡಗಿನಾಗ ಅಮೆರಿಕದಿಂದ ಬಂದದ್ದು. ಸೋಮೇಶ್ವರನ ಅಡುಗೆಮನ್ಯಾಗ ಖಾರ ಅಂದ್ರ ಕರಿಮೆಣಸು. ಆ ಮೆಣಸಿನ ಹೆಸರನ್ನೇ ಹೊಸ ಕಾಯಿಗೆ ಹಚ್ಚಿ ಮೆಣಸಿನಕಾಯಿ ಅಂದ್ವಿ. ಶೇಂಗಾನೂ ಅಲ್ಲಿಂದಲೇ ಬಂದದ್ದು, ಹೊಲ ತುಂಬ ಬಿತ್ತಲಾಕ ಹತ್ತಿದ್ದು ಹತ್ತೊಂಬತ್ತನೇ ಶತಮಾನದಾಗ. ಅಂದ್ರ ಶೇಂಗಾ ಹಿಂಡಿ, ಕೆಂಪು ಖಾರ, ಎಣ್ಣೆಗಾಯಿ ಬದನಿ, ಶೇಂಗಾ ಹೋಳಿಗಿ ಇವೆಲ್ಲ ಬಸವಣ್ಣನವರ ಕಾಲದಾಗ ಕಲ್ಯಾಣದಾಗ ಇರಲಿಲ್ಲ. ಜೋಳಾನೂ ಮೂಲತಃ ಆಫ್ರಿಕಾದ್ದೇ, ಆದ್ರ ಅದು ಬಂದು ಸಾವಿರಾರು ವರ್ಷ ಆಗಿ ಈ ಮಣ್ಣಿನದೇ ಆಗಿಹೋಗ್ಯದ. ತೊಗರಿ ಇಲ್ಲೇ ಹುಟ್ಟಿದ್ದು. ಅದರ ತವರು ಭಾರತ ಅಂತ ಸಸ್ಯಶಾಸ್ತ್ರದವರು ಒಪ್ತಾರ.

ಹಂಗಾದ್ರ ನಮ್ಮೂರಿನ ಹಳೇ ಊಟ ಯಾವುದು ಅಂತ ಕೇಳಿದ್ರ ನಾನು ಪುಂಡಿಪಲ್ಲೆ ಕಡೆ ಕೈ ತೋರಸ್ತೀನಿ. ಪುಂಡಿ ಯಾರೂ ತೋಟ ಮಾಡಿ ಬೆಳೆದದ್ದಲ್ಲ. ಹೊಲದ ಬದುವಿನ ಗುಂಟ, ಜೋಳದ ಸಾಲಿನ ನಡುವ ನಾಲ್ಕು ಕಾಳು ಉದುರಿಸಿದರ ಬರ್ತದ. ಎಲಿ ಪಲ್ಲೆಗೆ, ಕಾಂಡದ ನಾರು ಹಗ್ಗಕ್ಕ. ಹುಳಿ ಅದರೊಳಗೇ ಇರೋದ್ರಿಂದ ಹುಣಸಿಹಣ್ಣು ಕೊಳ್ಳೋ ಖರ್ಚಿಲ್ಲ. ನಮ್ಮ ಮನ್ಯಾಗ ಇದನ್ನ ಮಾಡೋ ರೀತಿ ನಮ್ಮ ಸೋದರತ್ತಿಯದು. ಅಕಿ ಆಳಂದ ಕಡೆ ಕೊಟ್ಟ ಮನಿಯಿಂದ ಕಲ್ತು ತವರಿಗೆ ತಂದದ್ದು. ಎಲಿ ಬಿಡಿಸಿ ತೊಳೆದು ಒಂದು ಕುದಿ ಕುದಿಸಿ, ಹುಳಿ ಭಾಳ ಅನಿಸಿದರ ಆ ನೀರು ಬಸಿಯೋದು. ಬ್ಯಾರೆ ಪಾತ್ರ್ಯಾಗ ಒಂದು ಹಿಡಿ ತೊಗರಿಬ್ಯಾಳಿ ಇಟ್ಟು, ಅದು ಅರ್ಧ ಬೆಂದಾಗ ಒಂದು ಹಿಡಿ ಜೋಳದ ನುಚ್ಚು ಹಾಕೋದು. ಮೊದಲೇ ಹಾಕಿದರ ನುಚ್ಚು ತಳ ಹಿಡಿತದ, ಬ್ಯಾಳಿ ಬೇಯೂದಿಲ್ಲ. ಎರಡೂ ಮೆತ್ತಗಾದ ಮ್ಯಾಲೆ ಪುಂಡಿ, ಜಜ್ಜಿದ ಹಸಿಮೆಣಸಿನಕಾಯಿ, ಉಪ್ಪು ಹಾಕಿ ಕಟ್ಟಿಗಿ ಕಡಗೋಲಿನಿಂದ ಮಸೆಯೋದು. ಕಡೀಕ ಎಣ್ಣ್ಯಾಗ ಬೆಳ್ಳುಳ್ಳಿ ಕೆಂಪಗೆ ಹುರಿದು ಒಗ್ಗರಣಿ. ನಮ್ಮವ್ವನ ತವರಾಗ ನುಚ್ಚೇ ಹಾಕ್ತಿರಲಿಲ್ಲ. ಮದುವಿ ಆಗಿ ಬಂದ ವರ್ಷ ಅವ್ವ ನುಚ್ಚು ಬಿಟ್ಟು ಮಾಡಿದ್ದಕ್ಕ ನಮ್ಮಾಯಿ, "ಏನವ್ವಾ, ನಿಮ್ಮೂರಾಗ ಜೋಳ ಬೆಳೆಂಗಿಲ್ಲೇನ?" ಅಂದಿದ್ದಳಂತ. ಐವತ್ತು ವರ್ಷ ಆದ್ರೂ ಅವ್ವ ಆ ಮಾತು ಮರೆತಿಲ್ಲ. ಪಲ್ಲೆ ಮಾತ್ರ ಅತ್ತಿಯ ರೀತಿಯಿಂದಲೇ ಮಾಡ್ತಾಳ.

ನಮ್ಮ ಕಡೆ ಅಡುಗಿ ಹಿಂಗೇ ತಿರುಗ್ಯಾಡ್ಯದ, ಹೆಣ್ಣುಮಕ್ಕಳ ಮದುವಿಯ ದಾರಿ ಹಿಡಿದು. ಆಳಂದದಿಂದ ಅಫಜಲಪುರಕ್ಕ, ಜೇವರ್ಗಿಯಿಂದ ಗೊಬ್ಬೂರಕ್ಕ, ಭೀಮಾ ನದಿ ದಾಟಿ ಸಿಂದಗಿ ಕಡಿಗೆ. ಬರೆದುಕೊಳ್ಳಲಾಕ ಅಕ್ಷರ ಇರಲಿಲ್ಲ, ಅಳತಿ ಎಲ್ಲಾ ಕೈಯಾಗ: ಹಿಡಿ, ಬೊಗಸಿ, ಚಿವುಟು. ಸೇರು, ಪಾವು, ಚಟಾಕು ಹೋಗಿ 1960ರ ದಶಕದಾಗ ಕಿಲೋ, ಗ್ರಾಮು ಬಂದಾಗ ಅಂಗಡಿಯವರಿಗೆ ತಲಿಬ್ಯಾನಿ ಆಗಿರಬೇಕು, ಅಡುಗೆಮನಿಗೆ ಏನೂ ಆಗಲಿಲ್ಲ. ಹಿಡಿ ಹಿಡಿಯಾಗೇ ಉಳೀತು.

ಇನ್ನು ಹಗೇವಿನ ಮಾತು. ಈಗಿನ ಹುಡುಗರಿಗೆ ಹಗೇವು ಅಂದ್ರ ಗೊತ್ತಿಲ್ಲ. ಮನಿ ಮುಂದೋ ಊರ ಗಟ್ಟಿ ನೆಲದಾಗೋ ಆಳುದ್ದಕ್ಕಿಂತ ಆಳವಾಗಿ ತೋಡಿದ ಧಾನ್ಯದ ಕುಣಿ. ಬಾಯಿ ಸಣ್ಣದು, ಹೊಟ್ಟಿ ದೊಡ್ಡದು. ಸುತ್ತ ಒಣ ಹುಲ್ಲು ಹಾಸಿ ಜೋಳ ಸುರಿದು, ಮ್ಯಾಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರ ವರ್ಷಗಟ್ಟಲೆ ಹುಳ ಹತ್ತತಿರಲಿಲ್ಲ. ಗಾಳಿ ಇಲ್ಲದ್ದಕ್ಕ ಹುಳ ಬದುಕಂಗಿಲ್ಲ, ಅಷ್ಟೇ ಅದರ ಗುಟ್ಟು. ಅದೇ ಗುಟ್ಟು ಮನುಷ್ಯನ ಜೀವಕ್ಕೂ ಕುತ್ತು. ಬಾಯಿ ತೆಗೆದ ಕೂಡಲೇ ಇಳಿಯೋ ಹಂಗಿಲ್ಲ. ಗಾಳಿ ಆಡಲಿ ಅಂತ ಬಿಟ್ಟು, ದೀಪ ಇಳಿಬಿಟ್ಟು, ಅದು ಆರದೇ ಉರಿದರ ಮಾತ್ರ ಇಳಿಯೋದು. ಹಗೇವಿನ ಅಂಚಿನ ಜೋಳಕ್ಕ ಒಂಥರಾ ಮುಗ್ಗಲು ವಾಸನಿ. ಆ ಜೋಳದ ರೊಟ್ಟಿಗೆ ಖಾರದ ಹಿಂಡಿ ಜಾಸ್ತಿ ಬೇಕು ಅಂತ ನಮ್ಮಾಯಿ ಹೇಳ್ತಿದ್ದಳು. ರುಚಿಗಲ್ಲ, ವಾಸನಿ ಮುಚ್ಚಲಾಕ.

ಎರಡನೇ ಮಹಾಯುದ್ಧದ ವರ್ಷಗಳಾಗ ಹೈದರಾಬಾದ್ ಸಂಸ್ಥಾನದ ಸರಕಾರ ರೈತರಿಂದ ಕಡ್ಡಾಯವಾಗಿ ಧಾನ್ಯ ಎತ್ತಲಾಕ ಶುರು ಮಾಡ್ತು. ಅದಕ್ಕ 'ಲೆವಿ' ಅಂತಿದ್ರು. ಮುಂದ ತೆಲಂಗಾಣದ ರೈತ ಹೋರಾಟಕ್ಕ ಅದೂ ಒಂದು ಕಾರಣ ಆಯ್ತು. ನಮ್ಮ ಕಡೆ ಅಷ್ಟು ದೊಡ್ಡ ಹೋರಾಟ ಆಗಲಿಲ್ಲ. ಆದ್ರ ನಮ್ಮ ಮನ್ಯಾಗ ಆ ಕಾಲದ ಒಂದು ಸುದ್ದಿ ಉಳಿದದ: ಒಂದು ಹಗೇವಿನ ಬಾಯಿ ಮುಚ್ಚಿ, ಮ್ಯಾಲೆ ಸೆಗಣಿ ಸಾರಿಸಿ, ಅದರ ಮ್ಯಾಲೆ ಒಲಿ ಹೂಡಿ ಅಡುಗಿ ಮಾಡ್ತಿದ್ರಂತ. ಒಲಿ ಎತ್ತಿ ನೋಡ್ರಿ ಅಂತ ಯಾವ ಅಧಿಕಾರಿ ಹೇಳ್ತಾನ? ನಮ್ಮಾಯಿ ಇದನ್ನ ನಕ್ಕೋತ ಹೇಳ್ತಿದ್ದಳು. ಆದ್ರ ಆ ಒಲಿ ಮುಂದ ಕೂತು ದಿನಾ ರೊಟ್ಟಿ ಬಡಿದಾಕಿಗೆ ಎಷ್ಟು ಅಂಜಿಕಿ ಇದ್ದೀತು ಅಂತ ನಾನು ಈಗೀಗ ಯೋಚನಿ ಮಾಡ್ತೀನಿ.

1948ರ ಸೆಪ್ಟೆಂಬರ್ 13ಕ್ಕ ಭಾರತದ ಸೈನ್ಯ ಒಳಗ ಬಂತು, 17ಕ್ಕ ನಿಜಾಮ ಶರಣಾದ. ಎಂಟು ವರ್ಷ ಬಿಟ್ಟು, 1956ರ ನವೆಂಬರ್ 1ಕ್ಕ, ಹೈದರಾಬಾದ್ ರಾಜ್ಯವನ್ನ ಮೂರು ಪಾಲು ಮಾಡಿದರು. ತೆಲಂಗಾಣ ಆಂಧ್ರಕ್ಕ, ಮರಾಠವಾಡಾ ಮುಂಬಯಿ ರಾಜ್ಯಕ್ಕ, ಬೀದರ್, ಗುಲ್ಬರ್ಗಾ, ರಾಯಚೂರು ಮೈಸೂರಿಗೆ. ಭಾಷೆಯ ಲೆಕ್ಕದಾಗ ಅದು ಸರಿಯಾದ ಹಂಚಿಕಿನೇ. ಊಟದ ಲೆಕ್ಕ ಬ್ಯಾರೆ ಅದ, ಮತ್ತ ಅದನ್ನ ನೋಡಬೇಕಂದ್ರ ಎಳ್ಳಮಾವಾಸ್ಯೆ ದಿನ ನೋಡಬೇಕು.

ಡಿಸೆಂಬರ್-ಜನವರಿಯಾಗ ಬರೋ ಆ ಅಮಾವಾಸ್ಯೆಗೆ ನಮ್ಮ ಕಡೆ ಊರಿಗೂರೇ ಹೊಲಕ್ಕ ಹೋಗ್ತದ. ಹಿಂಗಾರಿ ಜೋಳ ಎದಿ ಮಟ್ಟ ಬಂದಿರ್ತದ, ಕಡ್ಲಿ ಕಾಯಿ ಕಟ್ಟಿರ್ತದ. ಐದು ಕಲ್ಲು ಇಟ್ಟು ಪಾಂಡವರು ಅಂತ ಪೂಜಿ ಮಾಡಿ, ಹೊಲದ ಸುತ್ತ ಚರಗ ಚೆಲ್ಲಿ, ಆಮ್ಯಾಲೆ ಊಟಕ್ಕ ಕೂಡೋದು. ಆ ಊಟದ ರಾಜ ಭಜ್ಜಿ. ಪ್ಯಾಟಿಯ ಎಣ್ಣ್ಯಾಗ ಕರಿದ ಭಜಿ ಅಲ್ಲ ಮತ್ತ! ಹಸಿ ತೊಗರಿಕಾಳು, ಹಸಿ ಕಡ್ಲಿ, ಅವರಿಕಾಳು, ಬಟಾಣಿ, ಬದನಿಕಾಯಿ, ಗಜ್ಜರಿ, ಮೆಂತ್ಯಪಲ್ಲೆ, ಪಾಲಕ, ಹಸಿ ಉಳ್ಳಾಗಡ್ಡಿ, ಆ ಹೊತ್ತಿಗೆ ಹೊಲ ಏನು ಕೊಡ್ತದೋ ಎಲ್ಲಾ. ಕೆಲವರು ಬಾರಿಕಾಯಿನೂ ಹಾಕ್ತಾರ. ಕಾಳು ಮೊದಲು ಕುದಿಸಿ, ಆಮ್ಯಾಲೆ ಕಾಯಿ, ಕಡೀಕ ಸೊಪ್ಪು. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಗಿ ಅರೆದು ಹಾಕಿ, ಹುಣಸಿಹುಳಿ ಬಿಟ್ಟು, ಕಡ್ಲಿಹಿಟ್ಟು ನೀರಾಗ ಕಲಸಿ ಸುರಿದು ಗಟ್ಟಿ ಆಗೋ ತನಕ ತಿರುವೋದು. ಗರಂ ಮಸಾಲಿ ಹಾಕಿದರ ಕೆಡ್ತದ, ಇದು ನನ್ನ ಖಡಕ್ ಅಭಿಪ್ರಾಯ. ಜೊತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡಕ್ ಜೋಳದ ರೊಟ್ಟಿ, ಹೂರಣದ ಹೋಳಿಗಿ, ಅಂಬಲಿ.

ಈಗ ಗಡಿ ಆಚೆ ನೋಡ್ರಿ. ಲಾತೂರ, ಉಸ್ಮಾನಾಬಾದ್ ಕಡೆ ಅದೇ ದಿನ, ಅದೇ ಹೊಲದ ಊಟ, ಅದೇ ಪಾಂಡವರು, ಹೆಸರೂ ಅದೇ, 'ಭಜ್ಜಿ'. ಮರಾಠಿಯವರು ಆ ಅಮಾವಾಸ್ಯೆಗೆ 'ವೇಳ ಅಮಾವಾಸ್ಯಾ' ಅಂತಾರ. ನಮ್ಮ 'ಎಳ್ಳ' ಅಲ್ಲಿ ಹೋಗಿ 'ವೇಳ' ಆಗ್ಯದ ಅಂತ ಹೇಳೋರು ಅವರಾಗೂ ಅದಾರ. ನಿಜಾಮನ ರಾಜ್ಯದಾಗ ಎಲ್ಲರೂ ಒಂದೇ ಇದ್ದದ್ದಕ್ಕ ಹಿಂಗ ಅಂತ ನನಗ ಮೊದಲು ಅನಿಸ್ತಿತ್ತು. ಆದ್ರ ಸೊಲ್ಲಾಪುರ ಬ್ರಿಟಿಷರ ಕಡೆ ಇತ್ತು, ಅಕ್ಕಲಕೋಟ ಬ್ಯಾರೆ ಸಂಸ್ಥಾನ, ಅಲ್ಲಿಯೂ ಈ ಹಬ್ಬ ಅದ. ಅಂದ್ರ ಭಜ್ಜಿಯ ಸೀಮೆ ಯಾವ ರಾಜನೂ ಕೊರೆದದ್ದಲ್ಲ. ಕರಿಮಣ್ಣಿನ ಹೊಲ, ಹಿಂಗಾರಿ ಜೋಳ, ಕಡ್ಲಿ ಎಲ್ಲೆಲ್ಲಿ ಅದಾವೋ ಅಲ್ಲೆಲ್ಲಾ ಭಜ್ಜಿ ಅದ. ಬಿತ್ತೋದು ಒಂದೇ ಆದ ಮ್ಯಾಲೆ ಬೇಯಿಸೋದೂ ಒಂದೇ.

ಹಂಚಿಕೊಳ್ಳೋದು ಧರ್ಮದ ಗೋಡಿನೂ ದಾಟ್ಯದ. ಉಳಿದ ರೊಟ್ಟಿ, ಚಪಾತಿ ಪುಡಿ ಮಾಡಿ ಬೆಲ್ಲ, ಏಲಕ್ಕಿ ಕೂಡಿಸಿ ಮಾಡೋದಕ್ಕ ನಮ್ಮ ಕಡೆ ಮಾಲ್ದಿ ಅಂತೀವಿ. ಮುಸಲ್ಮಾನರ ಮನ್ಯಾಗ ಅದೇ ಮಲೀದಾ. ಪಾರಸಿಯಾಗ ಮಲೀದಾ ಅಂದ್ರ ತಿಕ್ಕಿದ್ದು, ಹಿಸುಕಿದ್ದು. ಮೊಹರಂ ಬಂತಂದ್ರ ನಮ್ಮ ಹಳ್ಳಿಗಳಾಗ ಯಾರ ಮನಿ ಚೊಂಗೆ, ಯಾರ ಮನಿ ಮಾಲ್ದಿ ಅಂತ ಲೆಕ್ಕ ಇಡೋರಿಲ್ಲ. ರಮಜಾನ್ ದಿನ ಸುರಕುಂಬಾದ ಡಬ್ಬಿ ನಮ್ಮ ಮನಿಗೆ ಬರ್ತದ. ಡಬ್ಬಿ ಖಾಲಿ ಕಳಿಸಬಾರದು ಅಂತ ಅವ್ವ ಅದರಾಗ ಸಕ್ಕರೀನೋ ಶೇಂಗಾ ಹೋಳಿಗಿನೋ ಹಾಕಿ ಕಳಸ್ತಾಳ.

ಆದ್ರ ಇದನ್ನೇ ಹೇಳಿ ಮುಗಿಸಿದರ ಸುಳ್ಳು ಹೇಳಿದಂಗ ಆಗ್ತದ. ಎಲ್ಲಾ ಗೋಡಿ ದಾಟಲಿಲ್ಲ. ಎಳ್ಳಮಾವಾಸ್ಯೆ ದಿನ ಹೊಲದಾಗ ಆಳುಮಕ್ಕಳಿಗೂ ಭಜ್ಜಿ ಬಡಿಸ್ತಿದ್ರು, ಖರೇ. ಸಾಲು ಬ್ಯಾರೆ ಇರ್ತಿತ್ತು. ಸುಗ್ಗ್ಯಾಗ ಜೋಳ ಕೊಯ್ದ ಹೆಣ್ಣುಮಗಳಿಗೆ ಕೂಲಿ ಜೋಳದಾಗೇ ಕೊಡ್ತಿದ್ರು, ಅಕಿ ಬೇಯಿಸಿದ್ದನ್ನ ಮಾತ್ರ ಯಾರೂ ಮುಟ್ಟತಿರಲಿಲ್ಲ. ನಮ್ಮ ತಾಲ್ಲೂಕಿನ ಗಾಣಗಾಪುರದಾಗ ದತ್ತಾತ್ರೇಯನೇ ಮಧ್ಯಾಹ್ನ ಭಿಕ್ಷಾಕ್ಕ ಬರ್ತಾನ ಅನ್ನೋ ನಂಬಿಕಿ. ದೂರದಿಂದ ಬಂದ ದೊಡ್ಡ ದೊಡ್ಡ ಮಂದಿ ಜೋಳಿಗಿ ಹಿಡಿದು ಮಧುಕರಿ ಬೇಡ್ತಾರ. ಅರಳಗುಂಡಗಿಯಾಗ ಹುಟ್ಟಿದ ಶರಣಬಸವೇಶ್ವರರು ಕಲಬುರಗಿಗೆ ಬಂದು ಬಂದವರಿಗೆಲ್ಲಾ ಅನ್ನ ಇಕ್ಕಿ ದಾಸೋಹಿ ಅಂತ ಹೆಸರಾದರು. ಇಂಥಾ ಎರಡು ದೊಡ್ಡ ಅನ್ನದ ಪರಂಪರೆಯ ನಡುವ ಇರೋ ಊರು ನಮ್ಮದು. ಆದರೂ ಊರ ಹೊರಗಿನ ಕೇರಿಯ ಅಡುಗಿ ಹ್ಯಾಂಗ ಅಂತ ನಮ್ಮ ಮನಿ ಹೆಣ್ಣುಮಕ್ಕಳು ಎಂದೂ ಕೇಳಲಿಲ್ಲ. ಪುಂಡಿಗೆ ನುಚ್ಚು ಹಾಕೋದು ಬ್ಯಾಳಿ ಉಳಿಸೋ ಉಪಾಯ. ಬ್ಯಾಳಿ ಕಡಿಮಿ ಇದ್ದವರು ಯಾರು ಅಂತ ಯೋಚನಿ ಮಾಡಿದರ, ಈ ಪಲ್ಲೆ ಯಾವ ಒಲಿಯಿಂದ ಎದ್ದು ಬಂದಿರಬೇಕು ಅಂತ ನನಗ ಒಂದು ಊಹೆ ಅದ. ಮನುಷ್ಯರಿಗಿಂತ ಮೊದಲು ಅವರ ಪಲ್ಲೆ ಹೊಸ್ತಿಲ ದಾಟಿದೆ.

1972ರ ಬರ. ಅದಕ್ಕ ಮುಂಚೆ, 1964ರಾಗ, ಸಿ.ಎಸ್.ಎಚ್-1 ಅನ್ನೋ ಹೈಬ್ರಿಡ್ ಜೋಳ ಬಂದಿತ್ತು. ಇಳುವರಿ ಜಾಸ್ತಿ, ರೊಟ್ಟಿಗೆ ರುಚಿ ಇಲ್ಲ ಅಂತ ನಮ್ಮವರು ಮೂಗು ಮುರಿದ್ರು. ನಮ್ಮವರ ನಾಲಿಗಿಗೆ ಹತ್ತಿದ್ದು ಮಾಲದಂಡಿ ಜೋಳ. ಸ್ವಾತಂತ್ರ್ಯಕ್ಕ ಮೊದಲೇ ಸೊಲ್ಲಾಪುರ ಜಿಲ್ಲೆಯ ಮೋಹೋಳದಾಗ ಆರಿಸಿ ತೆಗೆದ ಎಂ. 35-1 ತಳಿ ಅದರದೇ. ಬರ ಬಿದ್ದಾಗ ಮಾಲದಂಡಿನೂ ಇಲ್ಲ, ಹೈಬ್ರಿಡ್ಡೂ ಇಲ್ಲ. ಹಗೇವು ಖಾಲಿ. ನಮ್ಮ ದೊಡ್ಡವ್ವ ಬರಗಾಲದ ಕಾಮಗಾರಿಯಾಗ ಕಲ್ಲು ಹೊತ್ತವಳು. ರೇಷನ್ನಿನ ಕೆಂಪು ಜೋಳದ ಮಾತು ಬಂದ್ರ ಈಗಲೂ ಮುಖ ಸಿಂಡರಸ್ತಾಳ. "ಬಡಿದ್ರ ಅಂಚು ಒಡಿತಿತ್ತು, ಹಂಚಿಗೆ ಹಾಕಿದ್ರ ಹರಕೊಂಡು ಬೀಳ್ತಿತ್ತು. ಅದನ್ನೇ ನುಚ್ಚು ಮಾಡಿ ಕುದಿಸಿ ಕುಡಿದ್ವಿ. ಮಕ್ಕಳು ಮೊದಲು, ಗಂಡಸರು ಆಮ್ಯಾಲೆ, ನಾವು ಗಡಿಗಿ ತೊಳೆದ ನೀರು" ಅಂತಾಳ. ರೊಟ್ಟಿ ಬಡಿಯೋರಿಗೆ ಇದರ ಕಷ್ಟ ಗೊತ್ತು. ಗೋಧಿಯೊಳಗಿನ ಜಿಗಟು ಜೋಳದಾಗ ಇಲ್ಲ. ಎಸರು ಇಟ್ಟು ಕುದಿಯೋ ನೀರು ಹಾಕಿ ನಾದಿದಾಗ ಹಿಟ್ಟಿನ ಗಂಜಿಯಂಶ ಅಂಟು ಬಿಟ್ಟು ಹಿಟ್ಟು ಒಂದಕ್ಕೊಂದು ಹಿಡಿಕೊಳ್ತದ. ಜೋಳ ಹಳೇದಾದ್ರ, ಹಿಟ್ಟು ಬೀಸಿ ಭಾಳ ದಿನ ಆದ್ರ, ಎಂಥಾ ಕೈ ಇದ್ದರೂ ರೊಟ್ಟಿ ಬಿರಿತದ. ಸೊಸಿಗೆ ಕೈ ಇಲ್ಲ ಅಂತ ಬೈಸಿಕೊಂಡ ಎಷ್ಟೋ ಹೆಣ್ಣುಮಕ್ಕಳ ತಪ್ಪು ಹಿಟ್ಟಿನದಿತ್ತು.

ಆಮ್ಯಾಲಿನ ಬದಲಾವಣಿ ಸದ್ದಿಲ್ಲದೇ ಆಯ್ತು. ಹಿಂದ ತೊಗರಿ ಸಾಲಿನ ನಡುವಿನ ಅಕ್ಕಡಿ ಬೆಳಿ. ಈಗ ಹೊಲಕ್ಕ ಹೊಲವೇ ತೊಗರಿ. ಜೂನ್-ಜುಲೈದಾಗ ಬಿತ್ತಿದ ತೊಗರಿ ಡಿಸೆಂಬರ್-ಜನವರಿ ತನಕ ಹೊಲ ಬಿಟ್ಟು ಏಳಂಗಿಲ್ಲ. ಹಿಂಗಾರಿ ಜೋಳ ಬಿತ್ತಬೇಕಾದ್ದು ಸೆಪ್ಟೆಂಬರ್-ಅಕ್ಟೋಬರ್‌ದಾಗ. ಅಂದ್ರ ಒಂದೇ ಹೊಲದಾಗ ಎರಡೂ ಆಗಂಗಿಲ್ಲ. ರೊಕ್ಕ ತೊಗರಿಯಾಗ ಅದ. 2019ರಾಗ ಗುಲ್ಬರ್ಗಾ ತೊಗರಿಬ್ಯಾಳಿಗೆ ಭೌಗೋಳಿಕ ಸೂಚ್ಯಂಕದ ಗುರುತೂ ಸಿಕ್ಕಿತು. ರೈತ ತೊಗರಿ ಬಿತ್ತಿದ್ದನ್ನ ತಪ್ಪು ಅನ್ನಲಾಕ ನನಗ ಬಾಯಿಲ್ಲ. ಆದ್ರ ಜೋಳ ಕೊಂಡು ತಿನ್ನೋ ಧಾನ್ಯ ಆಯ್ತು. 2013ರ ಜುಲೈದಿಂದ ಅನ್ನಭಾಗ್ಯದ ಅಕ್ಕಿ ಬಂತು. ಸಂಜಿಗೆ ಒಲಿ ಮುಂದ ಕೂತು ಇಪ್ಪತ್ತು ರೊಟ್ಟಿ ಬಡಿಯೋದಕ್ಕಿಂತ ಕುಕ್ಕರಿನಾಗ ಅನ್ನ ಇಡೋದು ಸಲೀಸು. ಕೂಲಿ ಮಾಡಿ ದಣಿದು ಬಂದ ಹೆಣ್ಣುಮಗಳು ಅನ್ನ ಇಟ್ಟರ, 'ಸಂಸ್ಕೃತಿ ಹೋಯ್ತು' ಅಂತ ಕಟ್ಟಿ ಮ್ಯಾಲೆ ಕೂತು ಮಾತಾಡೋ ಗಂಡಸರನ್ನ ಕಂಡರ ನನಗ ಸಿಟ್ಟು ಬರ್ತದ. ಒಂದು ರೊಟ್ಟಿ ಬಡಿದು ನೋಡ್ರಿ ಅಂತೀನಿ.

ತಮಾಷಿ ಅಂದ್ರ, ಮನ್ಯಾಗ ಕಡಿಮಿ ಆದ ರೊಟ್ಟಿ ಅಂಗಡ್ಯಾಗ ಜಾಸ್ತಿ ಆಗ್ಯದ. ಕಲಬುರಗಿಯಾಗ ಓಣಿ ಓಣಿಗೆ ರೊಟ್ಟಿ ಮಾರೋ ಮನಿ ಅದಾವ. ಮನ್ಯಾಗ ಪುಕ್ಕಟೆ ಮಾಡ್ತಿದ್ದ ಕೆಲಸಕ್ಕ ಮೊದಲ ಸಲ ರೊಕ್ಕ ಬರ್ತಾ ಅದ, ಅದೂ ಹೆಣ್ಣುಮಕ್ಕಳ ಕೈಯಾಗ. ಪುಣೆ, ಮುಂಬೈ, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕ ಹೋಗೋರು ಮೊದಲ ವಾರಗಳಿಗಾಗಲಿ ಅಂತ ಕಡಕ್ ರೊಟ್ಟಿ ಗಂಟು ಕಟ್ಟಿಕೊಂಡೇ ಬಸ್ ಹತ್ತತಾರ. ನೀರಿನಂಶ ಪೂರಾ ಹೋಗೋ ತನಕ ಹಂಚಿನ ಮ್ಯಾಲೆ ಒತ್ತಿ ಸುಟ್ಟ ರೊಟ್ಟಿಗೆ ಬೂಸರು ಹತ್ತಂಗಿಲ್ಲ.

ನಮ್ಮ ತಂಗಿನೂ ಪುಣೆದಾಗೇ ಅದಾಳ. ಹೋದ ತಿಂಗಳ ಫೋನ್ ಮಾಡಿ, ಸೋದರತ್ತಿಯ ಪುಂಡಿಪಲ್ಲೆ ಅಳತಿ ಬರೆದು ಕಳಿಸು ಅಂದಳು. ಅಕಿ ಮಗಳಿಗೆ ಬೇಕಂತ. ಸೋದರತ್ತಿ ತೀರಿಹೋಗಿ ಆರು ವರ್ಷ ಆಯ್ತು. ಅವ್ವನ್ನ ಕೂಡಿಸಿಕೊಂಡು, ಅಡುಗೆಮನ್ಯಾಗ ತಕ್ಕಡಿ ಇಟ್ಟು, ಅಕಿ ಒಂದೊಂದು ಹಿಡಿ ಹಿಡಿದಾಗ ತೂಗಿದೆ. ಬ್ಯಾಳಿ ಹಿಡಿ 55 ಗ್ರಾಂ ಬಂತು, ನುಚ್ಚಿನ ಹಿಡಿ 60. ಎರಡನೇ ಸಲ ತೂಗಿದರ ಬ್ಯಾಳಿ 48. "ನಿಂದೇನು ಹುಚ್ಚು, ಅಕಿ ಕೈ ನನ್ನ ಕೈಗಿಂತ ಸಣ್ಣದಿತ್ತು" ಅಂದಳು ಅವ್ವ. 50 ಅಂತ ಬರೆದು ಕಳಿಸಿ, ಹಿಂದಿನಿಂದ ಬಸ್ಸಿನಾಗ ಎರಡು ಕಿಲೋ ಮಾಲದಂಡಿ ನುಚ್ಚು ಇಟ್ಟು ಬಂದೆ. ಪುಣೆಯಾಗ ಪುಂಡಿ ಸಿಗ್ತದಂತ, ಅಲ್ಲಿ ಅದಕ್ಕ ಅಂಬಾಡಿ ಅಂತಾರ.